ಹೆಸರಿನ ಖಾಲಿ

ಜತ್
14 ಅಕ್ಟೋಬರ್ 2024

ದೀಪಾಲಿ,

ನೀನು ಹೋದ ಮೇಲೆ ಇಲ್ಲಿ ಏನೂ ಬದಲಾಗಿಲ್ಲ. ಇದನ್ನು ಓದಿ ನಿನಗೆ ಸ್ವಲ್ಪ ಬೇಸರವಾಗಲಿ ಎಂದೇ ಮೊದಲ ಸಾಲಿನಲ್ಲಿ ಬರೆದೆ. ಬದಲಾದದ್ದು ಒಂದೇ. ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಯಾರಾದರೂ ನನ್ನನ್ನು ನಿಲ್ಲಿಸಿ ನಿನ್ನ ವಿಷಯ ಕೇಳುತ್ತಾರೆ. "ಏನ್ರಿ ಬಾಯಾರ, ನಿಮ್ಮ ಗೆಳತಿ ಜರ್ಮನಿಗೆ ಹೋದ್ರಂತಲ್ರಿ, ಅಲ್ಲಿ ರೊಟ್ಟಿ ಸಿಗತಾವೇನ್ರಿ?" ಮಹಾರಾಷ್ಟ್ರದ ಈ ಗಡಿ ಊರಿನ ಕನ್ನಡ ಸಾಲಿಯಲ್ಲಿ ಇಷ್ಟು ವರ್ಷ ಪಾಠ ಮಾಡಿದ ನನ್ನನ್ನು ಯಾರೂ ನಿಲ್ಲಿಸಿ ಏನನ್ನೂ ಕೇಳಿದವರಲ್ಲ. ನಮ್ಮ ಅತ್ತೆ ಮಲಕವ್ವನವರಂತೂ ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ಹೋದಾಗ ದಾನಮ್ಮನ ಮುಂದೆ ನಿನ್ನ ಹೆಸರನ್ನೇ ಮೊದಲು ಹೇಳಿದರಂತೆ. "ಆಕಿ ದೂರ ಅದಾಳ, ಆಕಿ ಅರ್ಜಿ ಮೊದಲ ಮುಟ್ಟಬೇಕು. ನೀ ಇಲ್ಲೇ ಬಿದ್ದಾಕಿ, ನಿನ್ನ ದೇವಿ ದಿನಾ ನೋಡತಾಳ" ಎಂದರು.

ಇನ್ನು ಕೆಲಸದ ಮಾತು. ನಮ್ಮ ಒಪ್ಪಂದ ನೆನಪಿದೆಯಲ್ಲ? ಪೂರ್ವ ಜರ್ಮನಿಯಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಇದ್ದಷ್ಟು ಕಾಲ ಆಳುವ ಪಕ್ಷವೇ ನಡೆಸಿದ ಒಂದು ಪತ್ರಿಕೆಯ ಚರಿತ್ರೆ ನಿನ್ನ ಸಂಶೋಧನೆ. ಅದು ಇಂಗ್ಲಿಷಿನಲ್ಲಿ ಏನಾಗುತ್ತದೋ ಆಗಲಿ. ಕನ್ನಡದ ಪುಸ್ತಕ ಮಾತ್ರ ನಮ್ಮಿಬ್ಬರದು. ನೀನು ಕಂಡದ್ದನ್ನು ನಿನಗೆ ಬಂದ ಕನ್ನಡದಲ್ಲಿ ಕೈಯಿಂದ ಬರೆದು ಅಂಚೆಗೆ ಹಾಕುವುದು, ನಾನು ಅದನ್ನು ಓದುವ ಕನ್ನಡಕ್ಕೆ ತರುವುದು, ವಿಜಯಪುರದ ಶಂಕರೆಪ್ಪನವರು ಅಚ್ಚು ಹಾಕುವುದು. ಫೋನಿನಲ್ಲಿ ಪುಸ್ತಕದ ಮಾತು ಬೇಡ. ಫೋನ್ ಹಿಡಿದರೆ ನಾವು ಮೊದಲು ನಗುತ್ತೇವೆ, ಆಮೇಲೆ ಜಗಳಾಡುತ್ತೇವೆ, ಕೆಲಸ ಹಾಗೇ ಉಳಿಯುತ್ತದೆ. ಮತ್ತೆ, ಆ ಪತ್ರಿಕೆಯ ಉಚ್ಚರಿಸಲಾಗದ ಹೆಸರಿಗೆ 'ಕುಲುಮೆ' ಎಂದು ಕನ್ನಡದ ಹೆಸರು ಕೊಟ್ಟವಳು ನಾನು. ಇದೂ ನೆನಪಿರಲಿ.

ನಿನ್ನೆ ಅಸಂಗಿಗೆ ಹೋಗಿದ್ದೆ. ನಾವು ಕಲಿತ ಅಂಗಳ ಹಾಗೇ ಇದೆ. ಒಂದು ಬದಿ ನಮ್ಮ ಕನ್ನಡ ಸಾಲಿ, ಎದುರಿಗೆ ನಿಮ್ಮ ಮರಾಠಿ ಸಾಲಿ, ನಡುವೆ ಅದೇ ಬೇವಿನ ಗಿಡ. ಸೋಲಾಪುರದ ಗಿರಣಿಯಲ್ಲಿ ಕೆಂಪು ಬಾವುಟ ಹಿಡಿಯುತ್ತಿದ್ದ ನಿನ್ನ ವಿಠೋಬ ಕಾಕಾ ರಷ್ಯಾದ ಹೊಳಪು ಮಾಸಿಕ ತಂದುಕೊಡುತ್ತಿದ್ದರು. ನಿನ್ನ ಪುಸ್ತಕಗಳಿಗೆಲ್ಲ ಅದರದೇ ಹೊದಿಕೆ. ನನ್ನವಕ್ಕೆ ಸಿಮೆಂಟು ಚೀಲದ ಕಾಗದ. ನಿನ್ನ ಭೂಗೋಳದ ಮೇಲೆ ಗೋಧಿಯ ಹೊಲದಲ್ಲಿ ನಿಂತು ನಗುವ ಒಬ್ಬ ಹೆಂಗಸಿದ್ದಳು. ಅವಳನ್ನು ನೋಡಲೆಂದೇ ನಾನು ಆ ಪುಸ್ತಕ ಕಡ ಕೇಳುತ್ತಿದ್ದೆ. ನೀನು ಒಮ್ಮೆಯೂ ಅವಳ ಮುಖ ನೋಡಿರಲಿಲ್ಲ. ಈಗ ಅವಳ ಕಡೆಯ ನಾಡಿಗೆ ಹೋದವಳು ನೀನು.

ನಿನ್ನ ಈ ಬದುಕು ನನಗೆ ದೊಡ್ಡ ಕೌತುಕ.

ಉಮಾಶ್ರೀ


ಲಿಂಡೆನ್‌ಬುರ್ಗ್
9 ನವೆಂಬರ್ 2024

ಉಮಾ,

ನಿನ್ನ ಪತ್ರ ಬಂತು. ನೀ ನನ್ನ ಇಷ್ಟು ಕೌತುಕ ಮಾಡೀದಿ ಅಂತ ಕಣ್ಣಾಗ ನೀರು ಬಂತು ನೋಡು. ನಾ ಮಾತಾಡಿದಂಗ ಬರೀತೀನಿ. ಮೂವತ್ತು ದಾಟಿದ ಮ್ಯಾಲ ನೀ ಕಲಿಸಿದ ಅಕ್ಷರ ಇವು, ತಪ್ಪಿದ್ರ ತಪ್ಪು ನಿಂದು.

ನಾ ಇರೂ ಕೋಲಿ ಮೂರನೇ ಮಾಳಿಗಿ ಮ್ಯಾಲ ಐತಿ. ಖಾಲಿ ಬೇಕರಿ. ಮುಂಜಾನೆ ಬ್ರೆಡ್ಡಿನ ವಾಸನಿ ಖಿಡಕಿಯಿಂದ ಒಳಗ ಬರತೈತಿ. ಹಳೇ ಕಾಗದಪತ್ರ ಇಟ್ಟ ದಫ್ತರಖಾನಿ ನಡಕೊಂಡು ಹೋಗೂ ಅಷ್ಟು ಸಮೀಪ. ಅಲ್ಲಿ ಫೋಟೋ ಹೊಡ್ಯಾಕ ಬಿಡೂದಿಲ್ಲ, ಪೆನ್ಸಿಲ್ಲಿಂದ ಬರಕೋಬೇಕು.

ಈಗ 'ಕುಲುಮೆ' ಕತಿ ಕೇಳು. 1946ರಾಗ ಚಾಲೂ ಆತು. ಒಬ್ಬ ವ್ಯಾಪಾರಿಯ ಛಾಪಖಾನಿ ಕಸಗೊಂಡು ಅದರಾಗ ಶುರು ಮಾಡಿದ್ರು. ಮೊದಲನೇ ದಿನ ನಾಕs ಪಾನದ ಪತ್ರಿಕಿ, ಕಾಗದ ಸಿಗತಿರಲಿಲ್ಲ. ಪತ್ರಿಕಿ ಹೆಸರಿನ ಖಾಲಿ ಸಣ್ಣ ಅಕ್ಷರದಾಗ 'ಪಕ್ಷದ ಮುಖವಾಣಿ' ಅಂತ ಒಂದು ಸಾಲು. ಆ ಸಾಲು ಕಡೀತನಕ ಹಂಗs ಇತ್ತು. ವಾರಕ್ಕೊಮ್ಮೆ ರಾಜಧಾನಿಯಿಂದ ಫೋನ್ ಬರತಿತ್ತಂತ, ಯಾವ ಶಬ್ದ ಹಾಕಬೇಕು, ಯಾವುದು ಹಾಕಬಾರದು ಅಂತ ಹೇಳಾಕ. ಒಂದು ಚಳಿಗಾಲ ದೇಶದಾಗ ನಿಂಬಿಹಣ್ಣು ಇರಲಿಲ್ಲ. ಅದಕ್ಕ ಪತ್ರಿಕಿಯೊಳಗ 'ನಿಂಬಿಹಣ್ಣು' ಅನ್ನೂ ಶಬ್ದಾನs ಬರಬಾರದು ಅಂತ ಅಪ್ಪಣಿ ಆತು. ಅಡಿಗಿ ಅಂಕಣದಾಗ 'ಯಾವುದಾದರೂ ಹುಳಿ' ಅಂತ ಬರದ್ರು!

ಇದನ್ನೆಲ್ಲಾ ಹೇಳಿದಾಕಿ ರೆನಾಟೆ ಬಾಯಿ. ಎಂಬತ್ತು ದಾಟ್ಯಾವ. ವಾಚಕರ ಪತ್ರ ವಿಭಾಗದಾಗ ಸೇರಿ, ಅಲ್ಲೇ ಉಪಸಂಪಾದಕಿ ಆದಾಕಿ. ತುಟಿಗೆ ಬಣ್ಣ ಹಚಗೊಂಡು, ಬೆನ್ನು ನೆಟ್ಟಗ ಮಾಡಿ ಕುಂದರತಾಳ. "ನೀವು ಸುಳ್ಳು ಛಾಪಿಸತಿದ್ರೇನ್ರಿ?" ಅಂತ ಕೇಳೇಬಿಟ್ಟೆ. ನಕ್ಕಳು. "ಸುಳ್ಳು ಛಾಪಿಸಾಕ ಧೈರ್ಯ ಬೇಕವ್ವಾ. ನಾವು ಬರೇ ಖರೇ ಮಾತು ಬಿಟ್ಟಬಿಡತಿದ್ವಿ" ಅಂದಳು.

ಇಲ್ಲಿ ಎಲ್ಲಾ ಚಲೋ ಐತಿ. ಮಲಕವ್ವತ್ತಿ ಕುಟ್ಟಿದ ಶೇಂಗಾ ಚಟ್ನಿ ಪೋಸ್ಟಿನಾಗ ಬರತೈತೇನು? ಬರದಿದ್ರ ಬಿಡು.

ನಿನ್ನ
ದೀಪಾಲಿ


ಜತ್
2 ಡಿಸೆಂಬರ್ 2024

ದೀಪಾಲಿ,

ಮೊದಲು ತಿದ್ದುಪಡಿ. 'ಕೌತುಕ' ಎಂದರೆ ನಿಮ್ಮ ಮರಾಠಿಯಲ್ಲಿ ಮೆಚ್ಚಿ ಹೊಗಳುವುದು. ಕನ್ನಡದಲ್ಲಿ ಬರೀ ಅಚ್ಚರಿ. ನಾನು ಕನ್ನಡದಲ್ಲಿ ಬರೆದಿದ್ದೆ. ಕಣ್ಣೀರು ಹಾಕಿದ್ದು ವ್ಯರ್ಥವಾಯಿತಲ್ಲ ಎಂದು ನನಗೂ ಬೇಸರ.

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳುವಾಗ "ಖಾಲಿ ಬೇಕರಿ" ಎಂದೆ. ಅವರು ರೊಟ್ಟಿ ಬಡಿಯುವುದು ನಿಲ್ಲಿಸಿ, "ಖಾಲಿ ಬೇಕರಿಯಿಂದ ಬ್ರೆಡ್ಡಿನ ವಾಸನಿ ಹೆಂಗ ಬರತೈತವ್ವಾ? ಆ ದೇಶದಾಗ ವಾಸನಿ ಅಷ್ಟs ಮಾರತಾರೇನು?" ಎಂದು ಕೇಳಿದರು. ಅದು ಮರಾಠಿ ಸಾಲಿಯ ಖಾಲಿ, 'ಕೆಳಗೆ' ಎಂದರ್ಥ, ಮನೆಯ ಕೆಳಗೆ ಬೇಕರಿ ಇದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಕಾಗದದಲ್ಲಿ ಕೆಂಪು ಶಾಯಿಯಿಂದ ತಿದ್ದಿಟ್ಟಿದ್ದೇನೆ. ಪುಸ್ತಕದಲ್ಲಿ ಇಂಥದ್ದು ನುಸುಳಿದರೆ ಜನ ನನ್ನನ್ನು ನೋಡಿ ನಗುತ್ತಾರೆ.

ಮೊದಲ ಅಧ್ಯಾಯ ಮುಗಿಸಿ ಶಂಕರೆಪ್ಪನವರಿಗೆ ಕಳಿಸಿದೆ, ನಿನಗೊಂದು ಪ್ರತಿ ಇದರ ಜೊತೆಗಿದೆ. ನಿನ್ನ ಒಂದು ಪುಟ ನನ್ನ ಕೈಯಲ್ಲಿ ಮೂರಾಗುತ್ತದೆ. ಕಾಗದವಿಲ್ಲದ ಆ ಚಳಿಗಾಲ, ಮಸಿ ಹೆಪ್ಪುಗಟ್ಟದಿರಲಿ ಎಂದು ಅಚ್ಚುಮೊಳೆಗಳ ಪಕ್ಕ ಕೆಂಡದ ಬಟ್ಟಲು ಇಟ್ಟ ಕೆಲಸಗಾರರು, ಇಲ್ಲದ ನಿಂಬೆಯ ನೆನಪಿನಲ್ಲಿ ಅಡುಗೆ ಬರೆಯುತ್ತ ಕುಳಿತ ಹೆಂಗಸು. ನೀನು ಕೊಟ್ಟದ್ದು ಎಲುಬು. ಉಸಿರು ಎಲ್ಲಿಂದ ಬಂತೋ ನನಗೂ ತಿಳಿಯದು.

ಶಂಕರೆಪ್ಪನವರು ಸಾಲಿಗೇ ಫೋನ್ ಮಾಡಿದ್ದರು. "ಏನ ಚಂದ ಬರೀತಾರ್ರಿ ದೀಪಾಲಿ ಬಾಯಾರು! ಮರಾಠಿ ಸಾಲಿ ಕಲ್ತಾರ ಅಂದ್ರ ಯಾರ ನಂಬತಾರ್ರಿ? ಆ ನಿಂಬಿಹಣ್ಣಿನ ಭಾಗ ಓದಿ ನಮ್ಮ ಮನಿಯಾಕಿ ಕಣ್ಣ ಒರಸಕೊಂಡ್ಲು" ಎಂದರು. ನಾನು "ಹೌದ್ರಿ" ಎಂದೆ.

ಕವಿತೆ ಓದುವಾಗ ಕವಿಯ ಹೆಸರನ್ನು ಬೆರಳಿನಿಂದ ಮುಚ್ಚಿ ಓದುವುದು ನನ್ನ ಹಳೆಯ ಅಭ್ಯಾಸ ಎಂದು ನಿನಗೆ ಗೊತ್ತು. ಸಾಲು ಒಳ್ಳೆಯದಿದ್ದರೆ ಹೆಸರು ಯಾಕೆ ಬೇಕು ಎಂದು ಮಕ್ಕಳಿಗೂ ಹೇಳಿಕೊಡುತ್ತ ಬಂದಿದ್ದೇನೆ. ಆ ಫೋನ್ ಬಂದ ದಿನದಿಂದ ಬೆರಳು ಇಡುತ್ತಿಲ್ಲ.

ಹೊದಿಕೆಯ ಮೇಲೆ ಹೆಸರು ಹೇಗೆ ಎಂದೂ ಅವರು ಕೇಳಿದರು. ನಿನ್ನನ್ನೇ ಕೇಳಲಿ ಎಂದೆ. ನನಗೆ ಹೇಗಾದರೂ ಸರಿ.

ಉಮಾಶ್ರೀ


ಲಿಂಡೆನ್‌ಬುರ್ಗ್
28 ಡಿಸೆಂಬರ್ 2024

ಉಮಾ,

ಹಿಮ ಬಿದ್ದೈತಿ. ನೀ ನೋಡಿದ್ರ ನಾಕು ಕವಿತಾ ಬರೀತಿದ್ದಿ. ನನಗ ಬರೇ ಕಾಲು ಜಾರತಾವ.

ಈ ವಾರ ಒಂದು ಫೋಟೋ ಸಿಕ್ಕೈತಿ. 'ಕುಲುಮೆ'ಗೆ ಹತ್ತು ವರ್ಷ ಆದಾಗ ಸಂಪಾದಕ ಮಂಡಳದವರೆಲ್ಲಾ ಸಾಲಾಗಿ ಕುಂತಾರ. ನಡುವ ಇಬ್ಬರು ದೋಸ್ತರು, ಹೆಗಲ ಮ್ಯಾಲ ಕೈ ಹಾಕ್ಕೊಂಡು. ಇಬ್ಬರೂ ಕೂಡೇ ಪತ್ರಿಕಿ ಕಟ್ಟಿದವರು. ಮುಂದ ಒಬ್ಬಾಂವ ಪಶ್ಚಿಮ ಜರ್ಮನಿಗೆ ಓಡಿಹೋದ. ಇಪ್ಪತ್ತನೇ ವರ್ಷದ ಸಂಚಿಕಿಯೊಳಗ ಅದೇ ಫೋಟೋ ತಿರಗಿ ಛಾಪಿಸ್ಯಾರ. ಅಂವ ಕುಂತ ಜಾಗಾದಾಗ ಒಂದು ಹೂವಿನ ಕುಂಡ! ಉಳಿದಾಂವನ ಕೈ ಕುಂಡದ ಮ್ಯಾಲ ಹಂಗs ಐತಿ. ರೆನಾಟೆ ಬಾಯಿನ್ನ ಕೇಳಿದ್ರ, "ಕುಂಡ ಬಿಡಿಸಿದಾಂವ ಚಲೋ ಕಲಾವಿದ ಇದ್ದ, ಎಲಿ ಎಲಿ ಬಿಡಿಸ್ಯಾನ ನೋಡು" ಅಂದಳು. ಅಷ್ಟs. ಉಳಿದ ದೋಸ್ತ ಏನ ಅಂದ ಅಂತ ಕೇಳಿದೆ. "ಏನ ಅಂತಾನ? ಅಂವನs ಅಲ್ಲೇನು ಸಂಪಾದಕ" ಅಂದಳು.

ಹೊದಿಕಿ ವಿಷಯ ಶಂಕರೆಪ್ಪ ಅವರಿಗೆ ಮೊಬೈಲಿನಾಗ ಬರದು ಹಾಕೀನಿ. ಹೊದಿಕಿ ಮ್ಯಾಲ ನನ್ನ ಹೆಸರು ಇರತೈತಿ, ನಿನ್ನ ಹೆಸರು ಖಾಲಿ. ನೀ ಹೆಂಗಾದ್ರೂ ಸರಿ ಅಂದಿದ್ದಿ, ಅದಕ್ಕ ಭಾಳ ವಿಚಾರ ಮಾಡಲಿಲ್ಲ.

ಚಟ್ನಿ ಬಂದಿಲ್ಲ. ಇರಲಿ.

ನಿನ್ನ
ದೀಪಾಲಿ


ಜತ್
20 ಜನವರಿ 2025

ದೀಪಾಲಿ,

ಹೊದಿಕೆಯ ವಿಷಯ ತಿಳಿಯಿತು. ಅಭಿನಂದನೆಗಳು.

ಎರಡನೆಯ ಅಧ್ಯಾಯಕ್ಕೆ ತಡವಾಗಬಹುದು, ಸಾಲಿಯಲ್ಲಿ ಪರೀಕ್ಷೆಗಳಿವೆ. ಫೋನ್ ಮಾಡಿದ್ದೆಯೆಂದು ಕಾಣುತ್ತದೆ, ಎತ್ತಲಾಗಲಿಲ್ಲ. ಚಟ್ನಿ ಕಳಿಸಲಾಗದು. ಎಣ್ಣೆ ಜಿನುಗುತ್ತದೆ ಎಂದು ಅಂಚೆಯ ನಾಮದೇವ ಒಯ್ಯಲಿಲ್ಲ.

ಹೂವಿನ ಕುಂಡಕ್ಕೆ ನೀರು ಯಾರು ಹಾಕುತ್ತಿದ್ದರು ಎಂದು ನಿನ್ನ ರೆನಾಟೆ ಬಾಯಿಯನ್ನು ಕೇಳು.

ಉಮಾಶ್ರೀ


ಲಿಂಡೆನ್‌ಬುರ್ಗ್
23 ಜನವರಿ 2025

ಉಮಾ,

ಭಾಳ ದಿನ ಆತು, ನಿನ್ನ ಪತ್ರ ಇಲ್ಲ. ಫೋನೂ ಎತ್ತವಲ್ಲಿ. ದಾರ್ಯಾಗ ಇರಬೇಕು ಅಂತ ತಿಳಕೊಂಡು ನಾನs ಬರೀತೀನಿ. ಈ ವಾರ ಸಿಕ್ಕದ್ದು ಪುಸ್ತಕದ ಜೀವಾಳ ಆಗತೈತಿ.

ವಾಚಕರ ಪತ್ರ ವಿಭಾಗ ಅಂದ್ನೆಲ್ಲ, ಅದರ ಗಂಟು ಬಿಚ್ಚಿದೆ. ಪತ್ರಿಕಿಯೊಳಗ ಬಂದ ಪತ್ರ ಸ್ವಲ್ಪ. ಛಾಪಿಸದs ಇಟ್ಟ ಪತ್ರ ಗೋಣಿಚೀಲಗಟ್ಟಲೆ. ನಳಕ್ಕ ನೀರಿಲ್ಲ, ಬೂಟು ಹರದಾವ ಅಂತ ಬರದವು ಒಂದಿಷ್ಟು. ಆದ್ರ ಭಾಳ ಪತ್ರ ಮಂದೀ ಮ್ಯಾಲಿನ ಚಾಡಿ. ನನ್ನ ಬಾಜೂದಾಕಿಗೆ ಎರಡು ಕೋಲಿ ಸಿಕ್ಕಾವ, ನನಗ ಒಂದs. ನನ್ನ ಜೋಡಿ ಕೆಲಸ ಮಾಡಾಕಿಗೆ ಪದಕ ಕೊಟ್ರಿ, ಆಕಿ ಕೆಲಸ ನಾ ಮಾಡೀನಿ. ಕೆಳಗ ಹೆಸರು ಇರೂದಿಲ್ಲ. 'ಒಬ್ಬ ಪ್ರಾಮಾಣಿಕ ನಾಗರಿಕ' ಅಂತ ಇರತೈತಿ.

ರೆನಾಟೆ ಬಾಯಿ ಹೇಳಿದ್ದು ಕೇಳು. "ಮೊದಲನೇ ಸಾಲು ಓದಿದ್ರ ಸಾಕಾಗತಿತ್ತು. 'ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ, ಆದರೆ' ಅಂತ ಶುರು ಆತಂದ್ರ ಅದನ್ನ ಬ್ಯಾರೆ ಬುಟ್ಟಿಗೆ ಹಾಕತಿದ್ವಿ. ಆ ಬುಟ್ಟಿಗೆ 'ಆದರೆ' ಅಂತs ಹೆಸರು." ಆ ಬುಟ್ಟಿ ಎಲ್ಲಿಗೆ ಹೋಗತಿತ್ತು ಅಂತ ಕೇಳಿದೆ. ಕಾಫಿ ಕಲಸಿದಳು. "ಯಾರ ಮ್ಯಾಲ ಬರದಾರ, ಅವರ ಸಾಹೇಬನ ಕಡೆ" ಅಂದಳು. "ನೀವು ಕಳಸತಿದ್ರಾ?" ಅಂದೆ. "ನನ್ನ ಕೈಯಾಗ ಬರೇ ಕಾಗದದ ಮ್ಯಾಲ ಒತ್ತೂ ಶಿಕ್ಕಾ ಇತ್ತು" ಅಂದಳು.

ಇದನ್ನ ನೀ ಬರದ್ರ ಹೆಂಗಿರತೈತಿ ಅಂತ ಯೋಚನಿ ಮಾಡಕೋತ ಕೋಲಿಗೆ ಬಂದೆ. ಲಗೂನ ಬರಿ.

ನಿನ್ನ
ದೀಪಾಲಿ


ಜತ್
11 ಫೆಬ್ರವರಿ 2025

ಮಾನ್ಯ ಶಂಕರೆಪ್ಪನವರಿಗೆ ನಮಸ್ಕಾರಗಳು.

ಹೊದಿಕೆಯ ಕರಡು ಇಂದು ಮುಟ್ಟಿತು. ಮೇಲೆ ಪುಸ್ತಕದ ಹೆಸರು, ನಡುವೆ ದೀಪಾಲಿಯ ಹೆಸರು, ಅದರ ಕೆಳಗೆ ಅಂಗೈಯಗಲದ ಬಿಳಿ ಜಾಗ. ಆ ಬಿಳಿ ನನಗೆ ಅರ್ಥವಾಯಿತು.

ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ, ಆದರೆ ಒಬ್ಬ ಕನ್ನಡ ಶಿಕ್ಷಕಿಯಾಗಿ ಸತ್ಯವನ್ನು ನಿಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ನಿಮ್ಮ ಶ್ರೀಮತಿಯವರು ಕಣ್ಣೊರೆಸಿಕೊಂಡ ಆ ಸಾಲುಗಳು ದೀಪಾಲಿಯವಲ್ಲ. ಅವಳು ಕನ್ನಡದಲ್ಲಿ ಒಂದು ಸಾಲನ್ನೂ ನೆಟ್ಟಗೆ ಬರೆಯಲಾರಳು. ಅಕ್ಷರ ಕಲಿಸಿದವಳೂ ನಾನೇ. ಅವಳಿಗೆ ಸಿಕ್ಕ ಅವಕಾಶ ಮರಾಠಿ ಸಾಲಿಯಲ್ಲಿ ಕಲಿತು ಸಾಂಗಲಿಯ ಕಾಲೇಜಿಗೆ ಸೇರಿದ್ದರಿಂದ ಸಿಕ್ಕಿತೇ ಹೊರತು ಯೋಗ್ಯತೆಯಿಂದಲ್ಲ. ಆ ಊರಿನಲ್ಲಿ ಅವಳು ಮುದುಕಿಯೊಬ್ಬಳ ಜೊತೆ ಕಾಫಿ ಕುಡಿದು ಕೇಳಿದ ಹರಟೆಯನ್ನೇ ಸಂಶೋಧನೆ ಎಂದು ಕಳಿಸುತ್ತಾಳೆ.

ಪುಸ್ತಕದ ಮೇಲೆ ಅವಳ ಹೆಸರು ಇರುವುದಾದರೆ ನನ್ನ ಪುಟಗಳನ್ನು ಹಿಂದಕ್ಕೆ ಕಳಿಸಿ. ಈ ಪತ್ರ ನಮ್ಮಿಬ್ಬರಲ್ಲೇ ಇರಲಿ.

ನಿಮ್ಮ ವಿಶ್ವಾಸಿ,
ಕನ್ನಡದ ಹಿತೈಷಿ


ವಿಜಯಪುರ
17 ಫೆಬ್ರವರಿ 2025

ಶ್ರೀಮತಿ ಉಮಾಶ್ರೀ ಬಾಯಿಯವರಿಗೆ ಶಂಕರೆಪ್ಪನ ನಮಸ್ಕಾರಗಳು.

ಪತ್ರದ ಕೆಳಗೆ ಹೆಸರಿಲ್ಲದಿದ್ದರೂ ಅಕ್ಷರ ನಿಮ್ಮವೇ. ಅಧ್ಯಾಯ ಬರೆದ ಕೈಯನ್ನು ನಾನು ಗುರುತಿಸಲಾರೆನೇ? ಹೊಗಳಿಕೆ ತಪ್ಪು ಮನೆಗೆ ಹೋದದ್ದಕ್ಕೆ ಕ್ಷಮೆ ಇರಲಿ. ಆದರೆ ಆ ದಿನ ನೀವು "ಹೌದ್ರಿ" ಎಂದಿರಿ.

ಬಿಳಿ ಜಾಗದ ವಿಷಯ. ದೀಪಾಲಿ ಬಾಯಿಯವರು ಕಳಿಸಿದ ಸಂದೇಶವನ್ನು ಇದ್ದ ಹಾಗೇ ಬರೆಯುತ್ತೇನೆ. "ಹೊದಿಕಿ ಮ್ಯಾಲ ದೀಪಾಲಿ. ಖಾಲಿ ಉಮಾಶ್ರೀ. ಅಕ್ಷರ ಇಬ್ಬರದೂ ಒಂದೇ ಅಳತಿ ಇರಲಿ. ಆಕಿ ಇಲ್ಲದಿದ್ರ ಈ ಪುಸ್ತಕ ಇಲ್ಲ." ನಿಮ್ಮ ಹೆಸರನ್ನು ಹೇಗೆ ಹಾಕಬೇಕೆಂದು ನೀವೇ ಹೇಳುತ್ತೀರಿ, ಅಲ್ಲಿಯವರೆಗೆ ಖಾಲಿ ಬಿಡಿ ಎಂದಿದ್ದಾರೆಂದು ತಿಳಿದು ಆ ಜಾಗ ಬಿಟ್ಟೆ. ನಿಮ್ಮ ಉತ್ತರದ ದಾರಿ ಕಾಯುತ್ತಿದ್ದೆ. ಬಂದದ್ದು ಈ ಪತ್ರ.

ಬರೆದವರಿಗೆ ತಿಳಿಸದೆ ಅವರ ಹೆಸರು ತೆಗೆಯುವ ರೂಢಿ ನಮ್ಮ ಅಚ್ಚುಕೂಟದಲ್ಲಿಲ್ಲ. ಆದ್ದರಿಂದ ನಿಮ್ಮ ಪತ್ರದ ಪ್ರತಿಯನ್ನು ಅವರಿಗೆ ಕಳಿಸಿದ್ದೇನೆ. ನಿಮ್ಮ ನಿಮ್ಮಲ್ಲಿ ತೀರ್ಮಾನವಾಗುವವರೆಗೆ ಕೆಲಸ ನಿಲ್ಲಿಸಿದ್ದೇನೆ.

ಶಂಕರೆಪ್ಪ


ಜತ್
21 ಫೆಬ್ರವರಿ 2025

ದೀಪಾಲಿ,

ವಿಜಯಪುರದಿಂದ ನಿನಗೊಂದು ಲಕೋಟೆ ಬರುತ್ತದೆ. ತೆರೆಯಬೇಡ. ಈ ಪತ್ರ ಅದಕ್ಕಿಂತ ಮೊದಲು ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಖಾಲಿ ಎಂದರೆ ಕೆಳಗೆ. ನಿನ್ನ ಬೇಕರಿಯ ಖಾಲಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿದವಳು ನಾನು. ಪತ್ರಿಕೆಯ ಹೆಸರಿನ ಖಾಲಿಯನ್ನೂ ತಿದ್ದಿದೆ. ನನ್ನ ಹೆಸರಿನ ಬಳಿ ಬಂದಾಗ ಮಾತ್ರ ನನಗೆ ಕನ್ನಡವೊಂದೇ ತಿಳಿಯುತ್ತಿತ್ತು.

'ಆದರೆ' ಬುಟ್ಟಿಯ ಕುರಿತ ನಿನ್ನ ಪತ್ರವನ್ನು ನಾಮದೇವ ತಂದುಕೊಟ್ಟದ್ದು ನಾನು ಶಂಕರೆಪ್ಪನವರಿಗೆ ಬರೆದ ಮರುದಿನ. ಬಾಗಿಲಲ್ಲೇ ನಿಂತು ಓದಿದೆ. ಅತ್ತೆ ಒಳಗಿನಿಂದ, "ಯಾಕವ್ವಾ, ಪತ್ರ ಬಂದ್ರ ಹುಣಸೀಹಣ್ಣು ಕಚ್ಚಿದಂಗ ಮಾರಿ ಮಾಡತಿದ್ದಿ, ಇವತ್ತ ಕಲ್ಲ ಕಚ್ಚಿದಂಗ ಮಾಡೀದಿ" ಎಂದರು.

ಚಟ್ನಿಯನ್ನು ನಾಮದೇವ ಒಯ್ಯಲಿಲ್ಲ ಎಂದದ್ದೂ ಸುಳ್ಳು. ಅತ್ತೆ ಡಬ್ಬಿ ಕಟ್ಟಿ ಕೊಟ್ಟಿದ್ದರು. ನಾನೇ ತಿಂದೆ.

ಉಮಾ


ಜತ್
14 ಏಪ್ರಿಲ್ 2025

ದೀಪಾಲಿ,

ಏನಾದರೂ ಬರಿ. ಬೈದಾದರೂ ಬರಿ. ಈಗ ಫೋನ್ ಮಾಡುವವಳು ನಾನು, ಎತ್ತದವಳು ನೀನು. ನಾಮದೇವ ನನ್ನನ್ನು ಕಂಡರೆ ಸೈಕಲ್ ತಿರುಗಿಸುತ್ತಾನೆ. "ಬಾಯಾರ, ನಾ ಏನ ಮಾಡಲಿರಿ, ಬರದವರ ಬರೀಬೇಕಲ್ರಿ" ಎನ್ನುತ್ತಾನೆ.

ರೆನಾಟೆಯೊಂದಿಗೆ ನಗುತ್ತಿರಬಹುದು ಎಂದುಕೊಂಡರೆ ಈಗಲೂ ಉರಿಯುತ್ತದೆ. ಇಷ್ಟೆಲ್ಲ ಆದ ಮೇಲೂ.

ಉಮಾ


ಲಿಂಡೆನ್‌ಬುರ್ಗ್
19 ಮೇ 2025

ಉಮಾಶ್ರೀ,

ನಿನ್ನ ಪತ್ರ ಎಲ್ಲಾ ಬಂದಾವ. ವಿಜಯಪುರದ್ದು ಮೊದಲು ಬಂತು. ತಗದೆ, ಓದಿದೆ. ಎರಡು ತಿಂಗಳು ಕನ್ನಡದಾಗ ಏನೂ ಬರೀಲಿಲ್ಲ.

'ಒಂದು ಸಾಲನ್ನೂ ನೆಟ್ಟಗೆ ಬರೆಯಲಾರಳು' ಅಂತ ಬರದೀದಿ. ಸುಳ್ಳಿದ್ರ ಮನಸಿಗೆ ಇಷ್ಟು ಹತ್ತತಿರಲಿಲ್ಲ. ಮನ್ಯಾಗ ಆಡೂ ಮಾತು ಕನ್ನಡ, ಬರ್ಯಾಕ ಕುಂತ್ರ ಕೈಗೆ ಬರೂದು ಮರಾಠಿ. ನೀ ತಿದ್ದಿ ಕಳಿಸಿದ ಮೊದಲನೇ ಅಧ್ಯಾಯ ಇಲ್ಲಿ ಬಂದಾಗ ಓದಿ ನಾ ಏನ ಮಾಡಿದೆ ಗೊತ್ತೇನು? ಮುಚ್ಚಿ ಪೆಟ್ಟಿಗ್ಯಾಗ ಇಟ್ಟೆ. ನಾ ದಫ್ತರಖಾನಿಯಾಗ ಕುಂತು ಬೆರಳು ಸೆಟದು ಹೋಗೂತನಕ ಬರಕೊಂಡೆ, ಮಸಿ ಬಾಜೂ ಕೆಂಡದ ಬಟ್ಟಲು ಇಟ್ಟದ್ದು ನೀ ಜತ್ತಿನಾಗ ಕುಂತು ಕಂಡೀದಿ. ನಾ ಇಲ್ಲಿ ಇದ್ದೂ ಕಾಣಲಿಲ್ಲ. ಹೊಟ್ಟಿ ಉರೀತು. ಅದನ್ನ ನಿನಗ ಬರೀಲಿಲ್ಲ. ನೀ ಬರದಿ, ಅಷ್ಟs ಫರಕ. ಅದೂ ಶಂಕರೆಪ್ಪ ಅವರಿಗೆ.

ಇನ್ನೊಂದು. ಇಲ್ಲಿ ಎಲ್ಲಾ ಚಲೋ ಐತಿ ಅಂತ ಬರೀತಿದ್ದೆ. ಕನ್ನಡ ಕೇಳಿ ಎಷ್ಟು ದಿನ ಆಗಿತ್ತಂದ್ರ, ನಿನ್ನ ಪತ್ರ ಜೋರಾಗಿ ಓದತಿದ್ದೆ. ನೀ ಕುಟುಕಿದ್ದನ್ನೂ ಜೋರಾಗೇ ಓದತಿದ್ದೆ.

ಗೋಧಿ ಹೊಲದ ಹೆಂಗಸಿನ ಮಾರಿ ನಾ ನೋಡೇ ಇಲ್ಲ ಅಂದಿ. ನೋಡೀನಿ. ನೀ ಭೂಗೋಳ ತಿರಗಿ ಕೊಟ್ಟಾಗ ಆಕಿ ಕಣ್ಣಿಗೆ ಪೆನ್ಸಿಲ್ಲಿಂದ ಚಾಳೀಸು ಬರದಿದ್ದಿ, ತುಟಿ ಮ್ಯಾಲ ಮೀಸಿ. ನಾ ಮಾಸ್ತರರ ಕಡೆ ಹೊಡತ ತಿಂದೆ. ನಿನ್ನ ಹೆಸರು ಹೇಳಲಿಲ್ಲ.

ನೀ ವಿಜಯಪುರಕ್ಕ ಬರದ ಪತ್ರ ರೆನಾಟೆ ಬಾಯಿಗೆ ಜರ್ಮನ್‌ದಾಗ ಓದಿ ಹೇಳಿದೆ. ನಗತಾಳ ಅಂತ ಮಾಡಿದ್ದೆ. ನಗಲಿಲ್ಲ. "ಅಸಲ್ 'ಆದರೆ' ಬುಟ್ಟಿ ಪತ್ರ ಐತಿ. 'ಕರ್ತವ್ಯ' ಸುದ್ದಾ ಅದೇ ಜಾಗಾದಾಗ ಐತಿ" ಅಂದಳು. ಆಮ್ಯಾಲ 'ಕುಲುಮೆ'ಯ ಕಡೀ ದಿನಗಳದ್ದು ಹೇಳಿದಳು. 1989ರ ಚಳಿಗಾಲ. ಹೆಸರಿನ ಖಾಲಿ ಇದ್ದ 'ಪಕ್ಷದ ಮುಖವಾಣಿ' ಅನ್ನೂ ಸಾಲು ಒಂದು ಮುಂಜಾನೆ ಖಾಲಿ ಆತು. ಯಾರೂ ಕಾರಣ ಬರೀಲಿಲ್ಲ. ಆ ವಾರ ಬಂದ ವಾಚಕರ ಪತ್ರ ಒಡದು ನೋಡಿದ್ರ, ಬೈದು ಬರದವರು, ಅತ್ತು ಬರದವರು, ಎಲ್ಲಾರೂ ಕೆಳಗ ಹೆಸರು ಹಾಕಿದ್ರಂತ. ಮನಿ ನಂಬರ್ ಸುದ್ದಾ. "ಶಿಕ್ಕಾ ಹೊಡ್ಯಾಕ ಕೈ ಏಳಲಿಲ್ಲ" ಅಂದಳು. ಆಕಿ ಕಣ್ಣಾಗ ನೀರು ನೋಡಿದ್ದು ಅವತ್ತs.

ಈಗ ಕೆಲಸದ ಮಾತು. 'ಆದರೆ' ಬುಟ್ಟಿಯ ಪತ್ರ ಛಾಪಿಸಾಕ ಇಲ್ಲಿ ಪರವಾನಗಿ ಇಲ್ಲ. ಬರದವರ ಮಕ್ಕಳು ಇನ್ನೂ ಅದಾರ. ಪುಸ್ತಕಕ್ಕ ಒಂದು ಮಾದರಿ ಬೇಕು. ನೀ ವಿಜಯಪುರಕ್ಕ ಬರದದ್ದು ಹಾಕತೀನಿ. ಊರು ತಗೀತೀನಿ, ಬರದಾಕಿ ಹೆಸರು ಖಾಲಿ. ಈ ಸಲ ಕನ್ನಡದ ಖಾಲಿ. ಒಲ್ಲೆ ಅಂದ್ರ ಬಿಡತೀನಿ. ಹೂಂ ಅಂದ್ರ ಇದರ ಜೋಡಿ ಇಟ್ಟ ಆ ಪತ್ರದ ಪ್ರತಿ ತಿದ್ದಿ ಕಳಸು. ಆದ್ರ ಚಂದ ಮಾಡಬ್ಯಾಡ.

ದೀಪಾಲಿ


ಜತ್
15 ಜೂನ್ 2025

ದೀಪಾಲಿ,

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಏನನ್ನೂ ಬಿಡಲಿಲ್ಲ. ನನ್ನ ವಿಜಯಪುರದ ಪತ್ರವನ್ನೂ ಓದಿದೆ. ಅವರು ಶೇಂಗಾ ಹುರಿಯುತ್ತ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ. "ಕೆಳಗ ಹಿತೈಷಿ ಅಂತ ಬರದೀಯಲ್ಲ, ಅದ್ಯಾರವ್ವಾ ಆಕಿ? ನಮ್ಮ ಓಣ್ಯಾಗಂತೂ ಇಲ್ಲ."

ಚಾಳೀಸು ಬರೆದದ್ದು ನನಗೆ ಮರೆತೇ ಹೋಗಿತ್ತು. ಮೀಸೆಯೂ. ನೀನು ಹೊಡೆತ ತಿಂದದ್ದು ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಾನು ಅವಳನ್ನು ನೆನೆದು ನಿನ್ನ ಮೇಲೆ ಉರಿದೆ. ನೀನು ಅವಳ ಮೀಸೆಯನ್ನು ಬಚ್ಚಿಟ್ಟುಕೊಂಡು ಸುಮ್ಮನಿದ್ದೆ. ನಿನ್ನ ಈ ಸುಮ್ಮನಿರುವಿಕೆಯ ಮೇಲೂ ನನಗೀಗ ಹೊಟ್ಟೆಕಿಚ್ಚು. ಒಳ್ಳೆಯತನವೂ ನಿನ್ನ ಪಾಲಿಗೇ ಹೋಯಿತಲ್ಲ ಎಂದು. ಕಡೆಯ ಅಧ್ಯಾಯವೂ ನಿನಗೇ ಸಿಕ್ಕಿತು. ಹೆಸರು ಹಾಕಿದ ಆ ಪತ್ರಗಳನ್ನು ಒಡೆಯುವಾಗ ಮುದುಕಿಯ ಕೈ ಹೇಗಿತ್ತು ಎಂದು ನೀನು ಬರೆದಿಲ್ಲ. ನಾನೂ ಈ ಸಲ ಬರೆಯುವುದಿಲ್ಲ. ಆ ಅಧ್ಯಾಯ ನಿನ್ನ ಕನ್ನಡದಲ್ಲೇ ಇರಲಿ, ಕಾಗುಣಿತ ಮಾತ್ರ ನೋಡುತ್ತೇನೆ. "ಸಾಲು ಒಂದು ಮುಂಜಾನೆ ಖಾಲಿ ಆತು" ಎಂಬಲ್ಲಿ ಕೆಂಪು ಶಾಯಿ ಹಿಡಿದು ಕೂತು, ಮುಚ್ಚಿಟ್ಟೆ. ಅಂಥ ಸಾಲು ನನಗೆ ಬರುವುದಿಲ್ಲ. ಎರಡೂ ಸಾಲಿಯಲ್ಲಿ ಕೂತವರಿಗೆ ಮಾತ್ರ ಬರುತ್ತದೆ.

ಪತ್ರದ ಪ್ರತಿ ಇದರ ಜೊತೆಗಿದೆ. ಚಂದ ಮಾಡಿಲ್ಲ. "ಹರಟೆ" ಎಂಬ ಮಾತನ್ನು ತೆಗೆಯಬೇಕೆನಿಸಿತ್ತು, ತೆಗೆಯಲಿಲ್ಲ. ಊರಿನ ಹೆಸರನ್ನೂ ನೀನು ತೆಗೆಯಬೇಡ, ಜತ್ ಎಂದೇ ಇರಲಿ. ಅಚ್ಚಾದ ಮೇಲೆ ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಾಗ ಜನ ನನ್ನನ್ನು ನಿಲ್ಲಿಸಿ ಕೇಳಿಯಾರು. ಕೇಳಲಿ. ಹೊದಿಕೆಯ ಮೇಲೆ ನನ್ನ ಹೆಸರು ನೀನು ಹೇಳಿದ ಜಾಗದಲ್ಲಿ ಇರಬಹುದು ಎಂದು ಶಂಕರೆಪ್ಪನವರಿಗೆ ತಿಳಿಸಿದ್ದೇನೆ. ಇನ್ನೂ ನಿನಗೆ ಮನಸ್ಸಿದ್ದರೆ.

ಅತ್ತೆ ಕಟ್ಟಿಕೊಟ್ಟ ಚಟ್ನಿಯ ಡಬ್ಬಿಯನ್ನು ಈ ಸಲ ಬಟ್ಟೆ ಸುತ್ತಿ ನಾಮದೇವನ ಕೈಯಲ್ಲೇ ಕೊಟ್ಟೆ. "ಎಣ್ಣಿ ಜಿನಗತೈತೇನ್ರಿ?" ಎಂದು ಕೇಳಿದ. "ಜಿನಗಲಿ" ಎಂದೆ.

ಒಂದು ಮಾತು ಮಾತ್ರ ತಿದ್ದಿದ್ದೇನೆ, ನೋಡಿಕೋ. 'ಕನ್ನಡದ ಹಿತೈಷಿ' ಎಂಬುದನ್ನು ಹೊಡೆದುಹಾಕಿದ್ದೇನೆ. ಆ ಜಾಗವನ್ನು ಖಾಲಿ ಬಿಡಬೇಡ. ಪತ್ರದ ಖಾಲಿ ನನ್ನ ಹೆಸರು ಹಾಕು.

ಉಮಾಶ್ರೀ